‘ಒಲ್ಲೆ’ ಅನ್ನಾಕ ಕಾಲ ಕೆಳಗ ನೆಲ ಬೇಕು: ಕಿತ್ತೂರಿನ ಕೋಟೆ, ಎಲ್ಲಮ್ಮನ ಗುಡ್ಡ ಮತ್ತು ನಮ್ಮ ಓಣಿ



ಪೋಸ್ಟ್ ಉದ್ದ ಐತಿ. ಪುರುಸೊತ್ತು ಮಾಡಿಕೊಂಡು ಪೂರ್ತಿ ಓದ್ರಿ, ಆಮೇಲೆ ಬೈಯೋದಿದ್ರ ಬೈರಿ.

ಸವದತ್ತಿ ಗುಡ್ಡದ ಬಗ್ಗೆ ಏನು ಬರೆದರೂ ಒಂದು ಪ್ರಶ್ನೆ ನನಗೆ ತಪ್ಪದೇ ಬರ್ತದೆ. ಕೇಳೋರು ಬರೀ ಮೇಲ್ಜಾತಿಯವರಲ್ಲ, ನಮ್ಮ ಹುಡುಗರೂ ಕೇಳ್ತಾರೆ. “ಮುತ್ತು ಕಟ್ಟಿಸಿಕೊಂಡೋರು ತಮ್ಮ ನಂಬಿಕಿಯಿಂದ ಕಟ್ಟಿಸಿಕೊಂಡಾರ. ಅದು ಅವರ ಇಷ್ಟ, ಅವರ ಸ್ವಾತಂತ್ರ್ಯ. ನಡುವ ನಿಮಗೇನು ಕೆಲಸ?” ಪ್ರಶ್ನೆ ಸಣ್ಣದಲ್ಲ. ಇದಕ್ಕೆ ಉತ್ತರ ಹೇಳಬೇಕಂದ್ರೆ ಸ್ವಾತಂತ್ರ್ಯ ಅಂದ್ರೆ ಏನು ಅನ್ನೋದನ್ನ ಮೊದಲು ನೋಡಬೇಕು. ಅದನ್ನ ದೂರದ ದೇಶದ ಪುಸ್ತಕದಿಂದ ಹುಡುಕೋದು ಬೇಡ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರಿನ ಇತಿಹಾಸದಲ್ಲೇ ಸಾಕಷ್ಟು ಸಿಗ್ತದೆ.

ನಮ್ಮ ಕಡೆ ಒಂದು ಮಾತೈತಿ, ‘ಒಲ್ಲೆ’. ಬೆಂಗಳೂರು ಕಡೆಯವರು ‘ಬೇಡ’ ಅಂತಾರೆ. ‘ಬೇಡ’ ಅಂದ್ರೆ ವಸ್ತು ಬೇಡ. ‘ಒಲ್ಲೆ’ ಅಂದ್ರೆ ನಾನು ಒಪ್ಪೋದಿಲ್ಲ ಅಂತ. ಅದರೊಳಗೆ ‘ನಾನು’ ಅನ್ನೋದು ಸೇರಿಕೊಂಡೈತಿ. ನನ್ನ ಮಟ್ಟಿಗೆ ಸ್ವಾತಂತ್ರ್ಯದ ಅಳತೆಗೋಲು ಇದೇ: ಊರಿನಲ್ಲಿ ಎಲ್ಲರಿಗಿಂತ ಕೆಳಗೆ ಕೂರಿಸಿದ ಮನುಷ್ಯ ‘ಒಲ್ಲೆ’ ಅಂದಾಗ ಮರುದಿನ ಅವನ ಮನೆಯ ಒಲೆ ಉರೀತದೋ ಇಲ್ಲೋ.

ಕಿತ್ತೂರು ಈ ಮಾತನ್ನು ಜಗತ್ತಿಗೇ ಕೇಳಿಸಿತು. ದತ್ತುಮಗನನ್ನು ಒಪ್ಪೋದಿಲ್ಲ, ಸಂಸ್ಥಾನ ಕಂಪನಿಗೆ ಸೇರಬೇಕು ಅಂತ ಧಾರವಾಡದ ಕಲೆಕ್ಟರ್ ಥ್ಯಾಕರೆ ದಂಡು ತಂದಾಗ ರಾಣಿ ಚೆನ್ನಮ್ಮ ಒಲ್ಲೆ ಅಂದಳು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನ ಮುಂದೆ ಸತ್ತ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯ ತಂದು ಕೋಟೆ ಹಿಡಿಯಿತು. ರಾಣಿ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದಳು, 1829ರಲ್ಲಿ ಅಲ್ಲೇ ತೀರಿಕೊಂಡಳು. ಅವಳ ಸಮಾಧಿಗೆ ನಾನೂ ಕೈ ಮುಗೀತೀನಿ. ಒಬ್ಬ ಹೆಣ್ಣುಮಗಳು ಕಂಪನಿಗೆ ಎದುರು ನಿಂತಿದ್ದು ನಮ್ಮೆಲ್ಲರ ಹೆಮ್ಮೆ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಚರಿತ್ರೆ ಓದುವಾಗ ನಮ್ಮ ಓಣಿಯಲ್ಲಿ ನಿಂತು ಓದಬೇಕು. ರಾಣಿಗೆ ಒಲ್ಲೆ ಅನ್ನೋಕೆ ಕೋಟೆ ಇತ್ತು, ಖಜಾನೆ ಇತ್ತು, ದಂಡು ಇತ್ತು. ಅದೇ ಕಾಲದಲ್ಲಿ ಅದೇ ಸೀಮೆಯ ಹೊಲೇರ ಓಣಿ, ಮಾದರ ಓಣಿಯಲ್ಲಿದ್ದವರಿಗೆ ಏನಿತ್ತು? ಸತ್ತ ದನ ಎಳೆಯೋದು, ಹಲಗಿ ಬಡಿಯೋದು, ಸಾವಿನ ಸುದ್ದಿ ಹೊತ್ತು ಊರೂರಿಗೆ ಓಡೋದು, ಅಧಿಕಾರಿ ಬಂದರೆ ಗಂಟು ಹೊರೋದು. ಬದಲಿಗೆ ಸುಗ್ಗಿಯಲ್ಲಿ ಕಣದಾಗ ಒಂದಿಷ್ಟು ಆಯ, ಹಬ್ಬಕ್ಕೆ ನಾಲ್ಕು ರೊಟ್ಟಿ, ಕೆಲವರಿಗೆ ಚೂರು ಚಾಕರಿ ಹೊಲ. ಕೋಟೆಯ ಮೇಲಿನ ಬಾವುಟ ಬದಲಾಯ್ತು, ದೇಸಾಯರು ಹೋಗಿ ಕಂಪನಿ ಬಂತು, ಕಂಪನಿ ಹೋಗಿ ರಾಣಿ ವಿಕ್ಟೋರಿಯಾ ಬಂದಳು. ಸತ್ತ ದನ ಎಳೆಯೋ ಹಗ್ಗ ಮಾತ್ರ ಅದೇ ಕೈಯಾಗ ಉಳೀತು.

ಸಂಗೊಳ್ಳಿ ರಾಯಣ್ಣನ ಹೋರಾಟ ನಮಗೆ ಇನ್ನೂ ಹತ್ತಿರದ್ದು. ಅವನು ಅರಮನೆಯವನಲ್ಲ, ಕುರುಬರ ಮನೆಯವನು, ಊರ ಚಾಕರಿಯ ಭೂಮಿ ಹಿಡಿದಿದ್ದ ಮನೆತನದವನು. ಕಂಪನಿಯ ಹೊಸ ಕಂದಾಯ ವ್ಯವಸ್ಥೆ ಇಂಥವರ ನೆಲಕ್ಕೇ ಕೈ ಹಾಕಿತು. ಅವನ ಜೊತೆ ಎದ್ದವರೂ ಇಂಥದೇ ಸಣ್ಣ ಭೂಮಿಯ ಜನ, ಬಡವರು. ಅವರು ಸರ್ಕಾರಿ ಕಚೇರಿಗೆ ಬೆಂಕಿ ಇಟ್ಟರು, ದಫ್ತರ ಸುಟ್ಟರು. ಯಾಕೆ? ನೆಲ ಯಾರದು ಅನ್ನೋದು ಆ ದಫ್ತರದೊಳಗೆ ಬರೆದಿತ್ತು, ಅದಕ್ಕೆ. ರಾಯಣ್ಣನಿಗೆ ಗೊತ್ತಿತ್ತು, ಕಾಲ ಕೆಳಗಿನ ನೆಲ ಹೋದಮೇಲೆ ಬಾಯಿಯ ‘ಒಲ್ಲೆ’ ಉಳಿಯೋದಿಲ್ಲ ಅಂತ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಈ ತಾರೀಖು ನೆನಪಿಟ್ಟುಕೊಳ್ರಿ, ಮತ್ತೆ ಬರ್ತದೆ.

ಈಗ ಆ ಚಾಕರಿ ಹೊಲದ ಕಥೆಗೆ ಬರೋಣ. ಇಂಗ್ಲಿಷರು ಊರ ಬಿಟ್ಟಿ ಚಾಕರಿಯನ್ನು ತೆಗೆಯಲಿಲ್ಲ. 1874ರಲ್ಲಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಮಾಡಿ ಅದಕ್ಕೆ ಮುದ್ರೆ ಒತ್ತಿದರು. ಬೆಳಗಾವಿ ಜಿಲ್ಲೆ ಬಾಂಬೆ ಪ್ರಾಂತದಲ್ಲಿತ್ತು. ಬೈಲಹೊಂಗಲ ಆಗ ಸಂಪಗಾವಿ ತಾಲೂಕಿನ ಠಾಣೆ, ಸವದತ್ತಿ ಪರಸಗಡ ತಾಲೂಕಿನ ಠಾಣೆ. ಈ ವತನ ಅನ್ನೋದು ಎಂಥಾ ಉರುಲು ಅಂತ ಕಾಗದದ ಮೇಲೆ ಬಿಚ್ಚಿಟ್ಟವರು ಬಾಬಾಸಾಹೇಬರು. 1925ರಲ್ಲಿ ಅವರು ನಮ್ಮದೇ ಜಿಲ್ಲೆಯ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ಧಾರವಾಡದಲ್ಲಿ ನಮ್ಮ ಮಕ್ಕಳಿಗೆ ಹಾಸ್ಟೆಲ್ ಆಗೋದರ ಹಿಂದೆಯೂ ಅವರೇ ಇದ್ದರು. ನಮ್ಮ ಸೀಮೆ ಅವರಿಗೆ ಹೊಸದಲ್ಲ.

1928ರ ಮಾರ್ಚ್ 19ರಂದು ಬಾಂಬೆ ವಿಧಾನ ಪರಿಷತ್ತಿನಲ್ಲಿ ಅವರು ವತನ ಕಾಯ್ದೆಗೆ ತಿದ್ದುಪಡಿ ಮಸೂದೆ ಮಂಡಿಸಿದರು. ಅವರ ವಾದ ಸರಳ. ಇದು ದಿನದ ಇಪ್ಪತ್ನಾಲ್ಕು ತಾಸಿನ ಚಾಕರಿ. ಗಂಡಸು ಇಲ್ಲದಿದ್ದರೆ ಮನೆಯ ಇನ್ನೊಬ್ಬರು ಬರಬೇಕು. ಸಿಗೋ ಕೂಲಿ ಕೂಲಿಯಲ್ಲ. ಆದರೂ ಜನ ಬಿಡ್ತಿರಲಿಲ್ಲ. ಯಾಕಂದ್ರೆ ಬಿಟ್ಟರೆ ಆ ಚೂರು ಹೊಲವೂ ಹೋಗ್ತದೆ ಅನ್ನೋ ಭಯ. ಹೊರಗಿನಿಂದ ನೋಡೋರಿಗೆ ‘ಅವರಿಗೇ ವತನ ಬೇಕಾಗಿದೆ, ಅವರ ಇಷ್ಟ’ ಅನಿಸ್ತಿತ್ತು. ಇದೇ ನೋಡ್ರಿ, ಇಂದಿಗೂ ಗುಡ್ಡದ ಬಗ್ಗೆ ಕೇಳೋ ಪ್ರಶ್ನೆಯ ಅಣ್ಣ.

ಬಾಬಾಸಾಹೇಬರು ಕೇಳಿದ್ದೇನು? ಚಾಕರಿ ಒಲ್ಲೆ ಅನ್ನೋರು ಸರ್ಕಾರಕ್ಕೆ ಪೂರ್ತಿ ಕಂದಾಯ ಕಟ್ಟಲಿ, ಹೊಲ ಅವರಿಗೇ ಉಳೀಲಿ, ಚಾಕರಿ ತಪ್ಪಲಿ. ಬಿಡುಗಡೆಯೂ ಬೇಕು, ಭೂಮಿಯೂ ಬೇಕು. ಒಂದು ಕೊಟ್ಟು ಇನ್ನೊಂದು ಕಿತ್ತುಕೊಂಡರೆ ಅದು ಬಿಡುಗಡೆ ಅಲ್ಲ, ಬೀದಿಗೆ ತಳ್ಳೋದು. ಆಗ ಆ ಮಸೂದೆ ಪಾಸಾಗಲಿಲ್ಲ, ಅವರು ಹಿಂತೆಗೆದುಕೊಳ್ಳಬೇಕಾಯ್ತು. 1937ರಲ್ಲಿ ಮತ್ತೆ ತಂದರು. ಬಿಡದೇ ಹಟ ಹಿಡಿದರು. ನನಗೆ ಸ್ವಾತಂತ್ರ್ಯದ ನೀತಿಶಾಸ್ತ್ರ ಅಂದ್ರೆ ಆ ಮಸೂದೆ. ದೊಡ್ಡ ದೊಡ್ಡ ತತ್ವಜ್ಞಾನಿಗಳ ಹೆಸರು ಬೇಕಾಗಿಲ್ಲ.

1950ರ ಜನವರಿ 26. ರಾಯಣ್ಣನ ಗಲ್ಲಿನ ದಿನಕ್ಕೆ ಸರಿಯಾಗಿ 119 ವರ್ಷ. ಸಂವಿಧಾನ ಜಾರಿಗೆ ಬಂತು. 17ನೇ ವಿಧಿ ಅಸ್ಪೃಶ್ಯತೆ ತೆಗೆಯಿತು ಅಂತ ಎಲ್ಲರಿಗೂ ಗೊತ್ತು. 23ನೇ ವಿಧಿ ಎಷ್ಟು ಜನ ಓದೀರಿ? ಮನುಷ್ಯರ ಮಾರಾಟ, ಬಿಟ್ಟಿ ಚಾಕರಿ, ಒತ್ತಾಯದ ದುಡಿಮೆ, ಎಲ್ಲವನ್ನೂ ಆ ಒಂದೇ ವಿಧಿ ನಿಷೇಧಿಸಿತು. ಹಲಗಿ ಬಡಿಯೋ ನಮ್ಮ ಅಜ್ಜನೂ, ಮುತ್ತು ಕಟ್ಟಿಸಿಕೊಂಡ ನಮ್ಮ ಅಜ್ಜಿಯೂ ಒಂದೇ ವಿಧಿಯ ಕೆಳಗೆ ಬರ್ತಾರೆ. ಅದನ್ನ ಓದಿದಾಗೆಲ್ಲ ನನಗೆ ಅನಿಸೋದು, ಬರೆದವರಿಗೆ ನಮ್ಮ ಓಣಿ ಗೊತ್ತಿತ್ತು.

ಕಾಗದದಿಂದ ಹೊಲಕ್ಕೆ ಬರೋಕೆ ಮಾತ್ರ ಇನ್ನೂ ಹತ್ತಾರು ವರ್ಷ ಹಿಡೀತು. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವತನ ಚಾಕರಿ ಮುಗೀತು. ಚಾಕರಿ ಹೊಲ ಹಣ ಕಟ್ಟಿ ಮರುಮಂಜೂರು ಮಾಡಿಸಿಕೊಳ್ಳಬೇಕಿತ್ತು. ಕಟ್ಟೋಕೆ ದುಡ್ಡು ಇಲ್ಲದವರು, ಅರ್ಜಿ ಬರೆಯೋಕೆ ಅಕ್ಷರ ಇಲ್ಲದವರು, ಮೊದಲೇ ಸಾಹುಕಾರನ ಹತ್ತಿರ ಒತ್ತಿ ಇಟ್ಟವರು ಏನು ಮಾಡಬೇಕು? ಆಮೇಲೆ ಬಂತು ನಾವೆಲ್ಲ ಪಿಟಿಸಿಎಲ್ ಅಂತ ಕರೆಯೋ 1978ರ ಕಾಯ್ದೆ, ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರರ ಪಾಲಾಗದಂತೆ ತಡೆಯೋದು. ಒಳ್ಳೆಯ ಕಾಯ್ದೆ. ಆದರೆ ಅದರ ವ್ಯಾಖ್ಯೆ ತೆಗೆದು ಓದ್ರಿ. ವಂಶಪಾರಂಪರ್ಯ ಹುದ್ದೆಗೆ ಸಂಬಂಧಿಸಿದ ಜಮೀನನ್ನು ಅದರಿಂದ ಹೊರಗಿಟ್ಟಿದ್ದಾರೆ. ಅಂದ್ರೆ ತಲೆತಲಾಂತರದಿಂದ ಬಿಟ್ಟಿ ದುಡಿದು ಉಳಿಸಿಕೊಂಡ ಹೊಲಕ್ಕೇ ಆ ಕಾಯ್ದೆಯ ಆಸರೆ ಇಲ್ಲ. ಬಿಡುಗಡೆ ಸಿಕ್ಕಿತು, ಭೂಮಿ ಜಾರಿತು. 1928ರಲ್ಲಿ ಬಾಬಾಸಾಹೇಬರು ಯಾವುದಕ್ಕೆ ಅಂಜಿದ್ದರೋ ಅದೇ ಆಯ್ತು.

ಈಗ ಗುಡ್ಡಕ್ಕೆ ಹೋಗೋಣ.

ಎಲ್ಲಮ್ಮ ನಮ್ಮ ತಾಯಿ ಅನ್ನೋರ ಭಾವನೆಗೆ ನಾನು ಕೈ ಹಾಕೋದಿಲ್ಲ. ಭಾರತ ಹುಣ್ಣಿವಿಗೆ ಚಕ್ಕಡಿ ಕಟ್ಟಿಕೊಂಡು, ಭಂಡಾರ ಹಚ್ಚಿಕೊಂಡು, ಉಧೋ ಉಧೋ ಅಂತ ಹೋಗೋ ಲಕ್ಷಾಂತರ ಜನರಲ್ಲಿ ನನ್ನ ಬಳಗದವರೂ ಇದ್ದಾರೆ. ಜೋಗತಿಯ ಚೌಡಿಕಿಯಲ್ಲಿ ನಮ್ಮ ಹೆಣ್ಣುಮಕ್ಕಳ ಎಷ್ಟೋ ಸಂಕಟ ಹಾಡಾಗೈತಿ. ನನ್ನ ಪ್ರಶ್ನೆ ದೇವರ ಬಗ್ಗೆ ಅಲ್ಲ. ಏಳೆಂಟು ವರ್ಷದ ಹುಡುಗಿಯ ಕೊರಳಿಗೆ ಕೆಂಪು-ಬಿಳಿ ಮಣಿ ಕಟ್ಟಿ, ಇನ್ನು ಇವಳಿಗೆ ಮದುವೆ ಇಲ್ಲ, ಮೈನೆರೆದ ಮೇಲೆ ಊರಿನ ಯಾವ ದೊಡ್ಡ ಮನುಷ್ಯ ಬೇಕಾದರೂ ಬರಬಹುದು ಅಂತ ತೀರ್ಮಾನ ಮಾಡಿದವರು ಯಾರು? ಆ ಹುಡುಗಿಯಂತೂ ಅಲ್ಲ. ಏಳು ವರ್ಷದ ಕೂಸಿಗೆ ಯಾವ ಇಷ್ಟ? ದೇವಿ ಎಲ್ಲ ಜಾತಿಗೂ ದೇವಿ, ಆದರೆ ಮುತ್ತು ಮಾತ್ರ ಹೆಚ್ಚಾಗಿ ನಮ್ಮ ಓಣಿಯ ಹುಡುಗಿಯರಿಗೇ ಯಾಕೆ? ನಂಬಿಕೆ ಎಲ್ಲರದು, ಬೆಲೆ ಒಬ್ಬರದು.

ಕಾನೂನು ಬಹಳ ಹಿಂದೆಯೇ ಬಂದೈತಿ. 1934ರಲ್ಲಿ ಬಾಂಬೆ ಸರ್ಕಾರ ದೇವದಾಸಿ ಕಾಯ್ದೆ ಮಾಡಿ ಬಿಡೋದನ್ನು ನಿಷೇಧಿಸಿತು, ಬಿಟ್ಟ ಹೆಣ್ಣುಮಗಳಿಗೂ ಮದುವೆಯಾಗೋ ಹಕ್ಕು ಐತಿ ಅಂತ ಹೇಳಿತು. ಆದರೆ ಅದು ಬ್ರಿಟಿಷ್ ಸೀಮೆಯ ಕಾಯ್ದೆ. ಪಕ್ಕದ ರಾಮದುರ್ಗ ಬೇರೆ ಸಂಸ್ಥಾನ, ಗಡಿ ದಾಟಿದರೆ ಆ ಕಾಯ್ದೆ ತಾನಾಗಿ ನಡೆಯೋದಿಲ್ಲ. ಅದೇ ರಾಮದುರ್ಗದಲ್ಲಿ 1939ರ ಏಪ್ರಿಲ್‌ನಲ್ಲಿ ಪ್ರಜೆಗಳು ಸಂಸ್ಥಾನದ ವಿರುದ್ಧ ಎದ್ದರು. ರಕ್ತ ಹರಿಯಿತು, ಪೊಲೀಸರು ಸತ್ತರು, ಆಮೇಲೆ ಗಲ್ಲು ಶಿಕ್ಷೆಗಳಾದವು. ಆ ಸಂಸ್ಥಾನ ಬಾಂಬೆ ಪ್ರಾಂತಕ್ಕೆ ವಿಲೀನ ಆಗಿದ್ದು 1948ರಲ್ಲಿ. ಪ್ರಜೆ ಅನ್ನೋ ಮಾತಿಗಾಗಿ ಜೀವ ಕೊಟ್ಟ ಊರು ಅದು. ಹಂಗಾದ್ರೆ ಮುತ್ತು ಕಟ್ಟಿದ ಹೆಣ್ಣುಮಗಳು ಆ ಪ್ರಜೆಗಳ ಲೆಕ್ಕದಲ್ಲಿ ಇದ್ದಳೇನು? ಈ ಪ್ರಶ್ನೆಯನ್ನ ನಾಲ್ಕೂ ಊರಿನ ಚರಿತ್ರೆಗೆ ಕೇಳಬೇಕು.

1936ರ ಜೂನ್‌ನಲ್ಲಿ ಮುಂಬೈಯ ದಾಮೋದರ ಹಾಲಿನಲ್ಲಿ ದೇವದಾಸಿಯರು, ಜೋಗತಿಯರು, ಮುರಳಿಯರ ಸಭೆ ಆಯ್ತು. ಅಲ್ಲಿ ಬಾಬಾಸಾಹೇಬರು ಈ ಬಾಳು ಬಿಡ್ರಿ ಅಂತ ನೇರವಾಗಿ ಹೇಳಿದರು. ಹೊಟ್ಟೆಗೆ ಏನು ಮಾಡೋಣ ಅಂತ ನೀವು ಕೇಳ್ತೀರಿ, ಅದನ್ನ ನಾನು ಹೇಳೋದಿಲ್ಲ, ದಾರಿಗಳು ಬಹಳ ಅದಾವ, ಆದರೆ ಇದನ್ನ ಮಾತ್ರ ಬಿಡಲೇಬೇಕು ಅನ್ನೋ ಅರ್ಥದಲ್ಲಿ ಮಾತಾಡಿದರು. ಬಹಳ ಕಠಿಣ ಮಾತು. ಮೊದಲ ಸಲ ಓದಿದಾಗ ನನಗೆ ನುಂಗೋಕೆ ಆಗಲಿಲ್ಲ. ಭೂಮಿ ಬಿಡದೇ ಬಿಡುಗಡೆ ಕೇಳಿದ ಮನುಷ್ಯ ಇಲ್ಲಿ ಹೊಟ್ಟೆಯ ಮಾತು ಬದಿಗಿಟ್ಟರಲ್ಲ ಅಂತ.

ಆಮೇಲೆ 1947ರ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ ಓದಿದೆ. ಅಲ್ಲಿ ಅವರು ಸರ್ಕಾರಕ್ಕೆ ಕೇಳೋದೇ ಬೇರೆ. ಕೆಲಸ ಇಲ್ಲದವನಿಗೆ ನಿನ್ನ ಮೂಲಭೂತ ಹಕ್ಕು ದೊಡ್ಡದೋ, ಊಟ ಕೊಡೋ ಕೆಲಸ ದೊಡ್ಡದೋ ಅಂತ ಕೇಳಿದರೆ ಅವನು ಏನು ಆರಿಸ್ತಾನೆ? ಹಸಿವಿನ ಭಯ, ಸೂರು ಹೋಗೋ ಭಯ, ಮಕ್ಕಳ ಓದು ನಿಲ್ಲೋ ಭಯ ಮನುಷ್ಯನಿಂದ ಹಕ್ಕನ್ನೇ ಬಿಡಿಸ್ತದೆ. ಹಂಗಾಗಿ ಭೂಮಿ, ಉದ್ಯಮದ ವ್ಯವಸ್ಥೆಯೇ ಬದಲಾಗಬೇಕು, ಅದನ್ನ ಸಂವಿಧಾನದಲ್ಲೇ ಬರೀಬೇಕು ಅಂತ ಅವರ ವಾದ. ಆಗ ನನಗೆ ತಿಳೀತು. ಆ ಹೆಣ್ಣುಮಕ್ಕಳ ಮುಂದೆ ನಿಂತಾಗ ಅವರನ್ನು ಕರುಣೆಯ ಪಾತ್ರ ಮಾಡದೇ ತೀರ್ಮಾನ ಮಾಡೋ ಶಕ್ತಿ ಇರೋ ಮನುಷ್ಯರಂತೆ ಮಾತಾಡಿಸಿದರು. ಸರ್ಕಾರದ ಮುಂದೆ ನಿಂತಾಗ ಆ ತೀರ್ಮಾನಕ್ಕೆ ನೆಲ ಕೊಡು ಅಂತ ಜಗಳ ತೆಗೆದರು. ಎರಡೂ ಮಾತು ಕೂಡಿದರೆ ಪೂರ್ತಿ ಆಗ್ತದೆ. ನಾವು ಏನು ಮಾಡ್ತೀವಿ? ಹೆಣ್ಣುಮಕ್ಕಳಿಗೆ ‘ಬಿಡ್ರಿ’ ಅಂತ ಉಪದೇಶ ಮಾಡ್ತೀವಿ, ಸರ್ಕಾರದ ಮುಂದೆ ಕೈ ಕಟ್ಟಿ ನಿಲ್ತೀವಿ. ಉಲ್ಟಾ.

1982ರಲ್ಲಿ ಕರ್ನಾಟಕ ತನ್ನದೇ ದೇವದಾಸಿ ನಿಷೇಧ ಕಾಯ್ದೆ ಮಾಡಿತು, 1984ರಲ್ಲಿ ಅದು ಜಾರಿಯಾಯ್ತು. ಬಿಡೋ ಕಾರ್ಯದಲ್ಲಿ ಪಾಲುಗೊಂಡವರಿಗೆ 3 ವರ್ಷದವರೆಗೆ ಜೈಲು. ತಂದೆತಾಯಿ, ಪೋಷಕರಾಗಿದ್ದರೆ 5 ವರ್ಷದವರೆಗೆ. ಇದನ್ನ ನಿಧಾನಕ್ಕೆ ಓದ್ರಿ. ಹೆಚ್ಚಿನ ಶಿಕ್ಷೆ ಯಾರಿಗೆ? ಬರಗಾಲದಾಗ, ಸಾಲದಾಗ, ರೋಗಕ್ಕೆ ಅಂಜಿ ಹರಕೆ ಹೊತ್ತ ಬಡ ತಾಯಿಗೆ. ಆಮೇಲೆ ಆ ಹುಡುಗಿಯ ಮನೆಗೆ ಬಂದು ಹೋದ ಗಂಡಸು ಆ ಕಲಮುಗಳ ಗುರಿಯೇ ಆಗಿರಲಿಲ್ಲ. ತಾಯಿ ಮಾಡಿದ್ದು ತಪ್ಪೇ, ನಾನು ಸಮರ್ಥನೆ ಮಾಡೋದಿಲ್ಲ. ಆದರೆ ತಪ್ಪಿನ ತೂಕ ಹಾಕೋವಾಗ ತಕ್ಕಡಿ ಸರಿ ಹಿಡೀಬೇಕು.

ಅದೇ 1982ರಲ್ಲಿ ಸುಪ್ರೀಂ ಕೋರ್ಟಿನಿಂದ ಇನ್ನೊಂದು ತೀರ್ಪು ಬಂತು. ದೆಹಲಿಯ ಏಷ್ಯನ್ ಗೇಮ್ಸ್ ಕಟ್ಟಡ ಕಟ್ಟಿದ ಕೂಲಿಕಾರರ ಪ್ರಕರಣ. ಒತ್ತಾಯ ಅಂದ್ರೆ ಬರೀ ಬಡಿಗೆ ಹಿಡಿದು ಮಾಡೋ ಒತ್ತಾಯ ಅಲ್ಲ, ಹಸಿವು ಮತ್ತು ಬಡತನದಿಂದ ಬೇರೆ ದಾರಿ ಇಲ್ಲದೇ ಒಪ್ಪಿಕೊಳ್ಳೋದೂ 23ನೇ ವಿಧಿಯ ಒತ್ತಾಯವೇ ಅಂತ ನ್ಯಾಯಮೂರ್ತಿ ಭಗವತಿಯವರ ಪೀಠ ಹೇಳಿತು. ‘ಅವರ ಇಷ್ಟ’ ಅನ್ನೋರಿಗೆ ನನ್ನ ಉತ್ತರ ಇದೇ. ಇಷ್ಟ ಅನ್ನೋಕೆ ಕನಿಷ್ಠ ಎರಡು ದಾರಿ ಬೇಕು. ಒಂದೇ ದಾರಿ ಇದ್ದಾಗ ನಡೆದದ್ದು ಇಷ್ಟ ಅಲ್ಲ, ಗತಿ.

ನಂಬಿಕೆಯ ಸ್ವಾತಂತ್ರ್ಯದ ಪ್ರಶ್ನೆ 1986ರಲ್ಲೂ ಎದ್ದಿತ್ತು. ಸೊರಬ ತಾಲೂಕಿನ ಚಂದ್ರಗುತ್ತಿ, ಅಲ್ಲಿರೋದೂ ಇದೇ ರೇಣುಕಾ. ಬೆತ್ತಲೆ ಸೇವೆ ನಿಲ್ಲಿಸಬೇಕು ಅಂತ ದಲಿತ ಸಂಘರ್ಷ ಸಮಿತಿಯ ಗೆಳೆಯರು ಜನರ ನಡುವೆ ಹೋದಾಗ ಅಲ್ಲಿ ದೊಡ್ಡ ಗಲಾಟೆ ಆಯ್ತು, ಪೊಲೀಸರ ಮೇಲೂ ಹಲ್ಲೆ ನಡೀತು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಇವತ್ತು ಚಂದ್ರಗುತ್ತಿಯಲ್ಲಿ ದೇವಿಯೂ ಇದ್ದಾಳೆ, ಭಕ್ತರೂ ಇದ್ದಾರೆ. ಹೆಣ್ಣುಮಕ್ಕಳು ಸೀರೆ ಉಟ್ಟುಕೊಂಡು ಹೋಗ್ತಾರೆ. ಭಕ್ತಿಗೆ ಏನು ಕೊರತೆ ಆಯ್ತು?

ಸಂಖ್ಯೆ ಕೇಳೋರಿಗೆ ಸಂಖ್ಯೆ ಕೊಡ್ತೀನಿ. 1993-94ರ ಸರ್ಕಾರಿ ಸಮೀಕ್ಷೆ ರಾಜ್ಯದಲ್ಲಿ 22,873 ದೇವದಾಸಿಯರನ್ನು ಗುರುತಿಸಿತು. 2007-08ರ ಸಮೀಕ್ಷೆ ಇನ್ನೂ 23,787 ಹೆಸರು ಸೇರಿಸಿತು. ಒಟ್ಟು 46,660. ಈ ಪಟ್ಟಿಯಲ್ಲಿ ಹೆಸರು ಇದ್ದರೆ ಪಿಂಚಣಿ, ಇಲ್ಲದಿದ್ದರೆ ಇಲ್ಲ. ಆ ದಿನ ಕೂಲಿಗೆ ಹೋದವಳು, ಮುಂಬೈ, ಸಾಂಗ್ಲಿಯಲ್ಲಿ ಇದ್ದವಳು, ಕೇಸ್ ಆಗ್ತದೆ ಅಂತ ಅಂಜಿ ಬಾಗಿಲು ಹಾಕಿಕೊಂಡವಳು ಸರ್ಕಾರದ ಲೆಕ್ಕದಲ್ಲಿ ಹುಟ್ಟೇ ಇಲ್ಲ.

ಆದರೆ ಕತ್ತಲೆ ಅಷ್ಟೇ ಹೇಳಿದರೆ ನಮ್ಮ ಹೆಣ್ಣುಮಕ್ಕಳಿಗೆ ಅನ್ಯಾಯ ಮಾಡಿದಂಗ. 1997ರಲ್ಲಿ ಘಟಪ್ರಭಾದಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಹುಟ್ಟಿತು. ಅದನ್ನ ಬೆಳೆಸಿದವರು ಮಾಜಿ ದೇವದಾಸಿಯರೇ. ಏಳನೇ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿಯವರು ಆ ಸಂಸ್ಥೆ ನಡೆಸಿದರು, 2018ರಲ್ಲಿ ಪದ್ಮಶ್ರೀ ಪಡೆದರು. ಅವರ ಕೆಲಸದಲ್ಲಿ ನೀವು ನೋಡಬೇಕಾದ್ದು ಒಂದು ಸಂಗತಿ. ಅವರು ಬರೀ ‘ಬಿಡ್ರಿ’ ಅನ್ನಲಿಲ್ಲ. ಸಂಘ ಕಟ್ಟಿದರು, ಉಳಿತಾಯ ಮಾಡಿಸಿದರು, ಮಕ್ಕಳನ್ನ ಶಾಲೆಗೆ ಹಚ್ಚಿದರು. ಕೈಯಾಗ ನಾಲ್ಕು ಕಾಸು, ಬೆನ್ನಿಗೆ ನಾಲ್ಕು ಜನ ಇದ್ದ ತಾಯಿ ತನ್ನ ಮಗಳ ಸರದಿ ಬಂದಾಗ ಒಲ್ಲೆ ಅಂದಳು. ಚೆನ್ನಮ್ಮನ ‘ಒಲ್ಲೆ’ಗೆ ನಾವು ಉತ್ಸವ ಮಾಡ್ತೀವಿ. ಈ ತಾಯಂದಿರ ‘ಒಲ್ಲೆ’ಗೆ ಒಂದು ಕಲ್ಲೂ ನೆಟ್ಟಿಲ್ಲ.

2025ರ ಆಗಸ್ಟಿನಲ್ಲಿ ನಮ್ಮ ವಿಧಾನಮಂಡಲ ಹೊಸ ದೇವದಾಸಿ ಮಸೂದೆ ಅಂಗೀಕರಿಸಿತು. ಮಕ್ಕಳಿಗೆ ತಂದೆ ಯಾರು ಅಂತ ಗುರುತು ಕೇಳೋ ಹಕ್ಕು ಅದರಲ್ಲಿ ಐತಿ. ಅರ್ಜಿಗಳಲ್ಲಿ ತಂದೆಯ ಹೆಸರು ಬರೀಲೇಬೇಕು ಅನ್ನೋ ಒತ್ತಾಯವೂ ಇಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಕಾಲಂ ಖಾಲಿ ಇದ್ದದ್ದಕ್ಕೆ ತಲೆ ತಗ್ಗಿಸಿ ಬೆಳೆದ ಎಷ್ಟೋ ಗೆಳೆಯರು ನನಗಿದ್ದಾರೆ. ಅವರಿಗೆ ಇದು ಸಣ್ಣ ಮಾತಲ್ಲ. ತೊಂಬತ್ತು ವರ್ಷ ತಾಯಿಯ ಕಡೆಗೇ ಬೆರಳು ತೋರಿಸಿದ ಕಾನೂನು ಮೊದಲ ಸಲ ಆ ಗಂಡಸಿನ ಮನೆಯ ಬಾಗಿಲ ಕಡೆ ತಿರುಗೈತಿ. ಆದರೆ ಸಾಹುಕಾರನ ಹೊಲದಾಗ ಕೂಲಿ ಮಾಡೋ ಹುಡುಗ ಅದೇ ಸಾಹುಕಾರನ ಮೇಲೆ ಅರ್ಜಿ ಹಾಕ್ತಾನೇನು? ಹಕ್ಕು ಕಾಗದದ ಮೇಲೆ, ಕೂಲಿ ಅವನ ಕೈಯಾಗ. ಮತ್ತೆ ಅದೇ ಪ್ರಶ್ನೆ: ಕಾಲ ಕೆಳಗ ನೆಲ ಎಲ್ಲೈತಿ?

ಹಂಗಾಗಿ ಗೆಳೆಯರೇ, ಇನ್ನು ಕೆಲಸದ ಮಾತು. ನಾಲ್ಕು ತಾಲೂಕಿನ ಸಂಘಟನೆಗಳು ಕೂಡಿ ಇಷ್ಟು ಕೇಳೋಣ. ಪಟ್ಟಿಯಿಂದ ಬಿಟ್ಟುಹೋದ ತಾಯಂದಿರ ಹೆಸರು ನಾವೇ ಓಣಿ ಓಣಿ ತಿರುಗಿ ಬರೆದು ಕೊಡೋಣ. ದೇವದಾಸಿ ತಾಯಂದಿರ ಹೆಸರಿಗೆ ಮನೆಯ ಜೊತೆ ಹೊಲ ಕೇಳೋಣ, ಪಿಂಚಣಿ ಒಂದರ ಮೇಲೆ ನಿಲ್ಲೋದು ಬೇಡ. ವತನ ಜಮೀನು ಕಳಕೊಂಡ ಕುಟುಂಬಗಳ ಹಳೇ ಪಹಣಿ, ಮರುಮಂಜೂರು ಕಾಗದ ಒಂದೆಡೆ ಕೂಡಿಸೋಣ. ಪಿಟಿಸಿಎಲ್ ವ್ಯಾಖ್ಯೆಯ ಆ ಒಂದು ಸಾಲು ತಿದ್ದಬೇಕು ಅಂತ ಶಾಸಕರ ಬೆನ್ನು ಹತ್ತೋಣ. ತಂದೆಯ ಗುರುತಿಗೆ ಅರ್ಜಿ ಹಾಕೋ ಹುಡುಗ ಹುಡುಗಿಯರ ಜೊತೆ ಕಚೇರಿಗೆ ಹತ್ತು ಜನ ಹೋಗೋಣ, ಒಬ್ಬರೇ ಹೋಗೋದು ಬೇಡ.

ಬಾಬಾಸಾಹೇಬರು ಸ್ವಾತಂತ್ರ್ಯ, ಸಮಾನತೆಯ ಜೊತೆ ಬಂಧುತ್ವ ಅನ್ನೋ ಮಾತನ್ನೂ ಇಟ್ಟಿದ್ದು ಇದಕ್ಕೇ. ಒಬ್ಬರೇ ನಿಂತು ಒಲ್ಲೆ ಅನ್ನೋದು ಬಹಳ ಕಷ್ಟ. ಬೆನ್ನ ಹಿಂದೆ ಓಣಿ ನಿಂತರೆ ಸಲೀಸು.

ಬರುವ ಭಾನುವಾರದಿಂದ ಬೈಲಹೊಂಗಲ ತಾಲೂಕಿನಲ್ಲಿ ಹೆಸರು ಬರೆಯೋ ಕೆಲಸ ಸುರು ಮಾಡ್ತೀವಿ. ಸವದತ್ತಿ, ಕಿತ್ತೂರು, ರಾಮದುರ್ಗದ ಗೆಳೆಯರು ಇನ್‌ಬಾಕ್ಸಿಗೆ ಬರ್ರಿ. ಬರುವಾಗ ನೋಟುಬುಕ್ಕು, ಪೆನ್ನು ತಗೊಂಡು ಬರ್ರಿ.

ಜೈ ಭೀಮ್.